ಬಾಣಲೆಯ ಬಿಸಿ ಯಾರ ಪಾಲಿಗೆ?

(ತಲಘಟ್ಟಪುರದಲ್ಲಿ ರೇಷ್ಮೆ ಬಿಚ್ಚಾಣಿಕೆಯ ಕಸುಬಿನವರ ಸಭೆಯಲ್ಲಿ ಮಾಡಿದ ಭಾಷಣ)



ನನ್ನನ್ನು ಕರೆದ ಗೆಳೆಯರು ಕರಪತ್ರದಲ್ಲಿ "ಕೈಗಾರಿಕೆಗಳಲ್ಲಿ ಇಂಧನದ ಉಳಿತಾಯ ಮತ್ತು ಹೊಗೆಯ ನಿವಾರಣೆ" ಎಂದು ಅಚ್ಚು ಹಾಕಿಸಿದ್ದಾರೆ. ಇಷ್ಟು ದೊಡ್ಡ ಹೆಸರಿನ ವಿಷಯದ ಮೇಲೆ ಉಪನ್ಯಾಸ ಕೊಡುವ ವಿದ್ವಾಂಸ ನಾನಲ್ಲ. ನನಗೆ ಗೊತ್ತಿರುವುದು ಒಂದು ಒಲೆ, ಅದರ ಮೇಲೊಂದು ಬಾಣಲೆ, ಬಾಣಲೆಯ ಮುಂದೆ ಕೂತ ಒಬ್ಬ ಹೆಂಗಸು. ಅಷ್ಟರ ಮೇಲೆ ಮಾತಾಡುತ್ತೇನೆ. ವಿಷಯ ತಾನಾಗಿಯೇ ದೊಡ್ಡದಾದರೆ ಅದು ನನ್ನ ತಪ್ಪಲ್ಲ.

ನಾನು ಇಲ್ಲಿಗೆ ಮೆಟ್ರೊ ರೈಲಿನಲ್ಲಿ ಬಂದೆ. 2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ಈ ಕಡೆಗೆ ಹಳಿ ಬಂದಾಗ, ಕೊನೆಯ ನಿಲ್ದಾಣಕ್ಕೆ ರೇಷ್ಮೆ ಸಂಸ್ಥೆಯ ಹೆಸರಿಟ್ಟರು. ರೈಲಿನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗನನ್ನು "ಇಲ್ಲಿ ಯಾವ ಸಂಸ್ಥೆಯಪ್ಪ?" ಎಂದು ಕೇಳಿದೆ. "ಅದು ಸ್ಟೇಷನ್ನಿನ ಹೆಸರು, ಅಂಕಲ್" ಎಂದ. ಅವನನ್ನು ದೂರಿ ಫಲವಿಲ್ಲ. ಬಸವನಗುಡಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜಮ್‌ಷೆಟ್‌ಜಿ ಟಾಟಾ ಜಪಾನಿನ ತಜ್ಞರ ನೆರವಿನಿಂದ ರೇಷ್ಮೆ ತೋಟ ಮಾಡಿಸಿದರು. ಇವತ್ತು ಟಾಟಾ ಸಿಲ್ಕ್ ಫಾರ್ಮ್ ಎಂಬುದು ಬರೀ ಬಡಾವಣೆಯ ಹೆಸರು. 1948ರ ಕಾಯಿದೆಯಿಂದ ಹುಟ್ಟಿದ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಬಿ.ಟಿ.ಎಂ. ಬಡಾವಣೆಯ ಬಳಿ ಇದೆ. ಆದರೆ ಬೆಂಗಳೂರಿನವರಿಗೆ ಸಿಲ್ಕ್ ಬೋರ್ಡ್ ಎಂದರೆ ವಾಹನಗಳು ಸಿಕ್ಕಿಬೀಳುವ ಜಾಗ. ರೇಷ್ಮೆಯ ಹೆಸರು ನಗರಕ್ಕೆ ಉಳಿದಿದೆ. ರೇಷ್ಮೆಯ ಹೊಗೆ ಮಾತ್ರ ಇದೇ ಕನಕಪುರ ರಸ್ತೆಯಲ್ಲಿ ಮುಂದಕ್ಕೆ ಹೋದವರಿಗೆ, ಕನಕಪುರ, ರಾಮನಗರ, ಶಿಡ್ಲಘಟ್ಟದ ಓಣಿಗಳವರಿಗೆ ಉಳಿದಿದೆ.

ಈ ಊರಿನಲ್ಲಿರುವುದು ರಾಜ್ಯದ ರೇಷ್ಮೆ ಕೃಷಿ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ. ಹಿಪ್ಪುನೇರಳೆ, ಹುಳುವಿನ ತಳಿ, ಗೂಡು, ಇವುಗಳ ಮೇಲೆ ಅಲ್ಲಿ ಕೆಲಸ ನಡೆಯುತ್ತದೆ. ಸೌದೆಯ ಮಾತಿಗೂ ಈ ಸಂಸ್ಥೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ, ಆಮೇಲೆ ಹೇಳುತ್ತೇನೆ.

ಮೊದಲು ಬಾಣಲೆಯ ಹತ್ತಿರ ಹೋಗೋಣ. ಗೂಡಿನ ಎಳೆಯೆಂದರೆ ಎರಡು ತಂತುಗಳು, ಅವುಗಳನ್ನು ಅಂಟಿಸಿಟ್ಟ ಒಂದು ಗೋಂದು. ಆ ಗೋಂದು ಮೆತ್ತಗಾಗದೆ ಎಳೆ ಬಿಚ್ಚುವುದಿಲ್ಲ. ಮೆತ್ತಗಾಗಲು ಬಿಸಿನೀರು ಬೇಕು. ನಮ್ಮ ಕಸುಬಿನಲ್ಲಿ ಬೆಂಕಿಯ ಕೆಲಸ ಇಷ್ಟೇ, ಜೊತೆಗೆ ಗೂಡಿನೊಳಗಿನ ಹುಳುವನ್ನು ಸಾಯಿಸಿ ಒಣಗಿಸುವ ಕೆಲಸ. ಉಕ್ಕು ಕರಗಿಸುವಂತೆ ಸಾವಿರಾರು ಡಿಗ್ರಿ ಬೇಡ, ಸುಣ್ಣ ಸುಡುವಂತೆಯೂ ಬೇಡ. ನೀರು ಕುದಿದರೆ ಸಾಕು. ಕಾಟೇಜ್ ಬೇಸಿನ್ನಿನಲ್ಲಿ ಗೂಡು ಬೇಯಿಸುವ ಪಾತ್ರೆ ಬೇರೆ, ನೂಲು ಬಿಚ್ಚುವ ತೊಟ್ಟಿ ಬೇರೆ. ಆ ತೊಟ್ಟಿಗೆ ಕೈ ತಾಳುವಷ್ಟು ಬಿಸಿ ಇದ್ದರೆ ಆಯಿತು. ಇಷ್ಟು ಕಡಿಮೆ ಬಿಸಿ ಬೇಡುವ ಕಸುಬು ಇಷ್ಟು ಸೌದೆ ತಿನ್ನುವುದೇಕೆ?

ಇದಕ್ಕೆ ಶಾಲೆಯ ಪುಸ್ತಕದಲ್ಲೇ ಉತ್ತರವಿದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ತರಲು ಬೇಕಾದ ಶಾಖ 75 ಕಿಲೊಕ್ಯಾಲೊರಿ. (ನಮ್ಮ ಬೆಂಗಳೂರಿನ ಎತ್ತರದಲ್ಲಿ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ, ಲೆಕ್ಕದ ಸುಲಭಕ್ಕೆ 100 ಎನ್ನೋಣ.) ಅದೇ ಒಂದು ಲೀಟರ್ ನೀರು ಹಬೆಯಾಗಿ ಹಾರಿಹೋಗಲು ಬೇಕಾದದ್ದು 540. ಏಳು ಪಾಲಿಗಿಂತ ಹೆಚ್ಚು! ನೀರು ಒಮ್ಮೆ ಕುದಿ ಹಿಡಿದ ಮೇಲೆ ಎಷ್ಟೇ ಸೌದೆ ತುರುಕಿದರೂ ಅದರ ಬಿಸಿ ಒಂದು ಡಿಗ್ರಿಯೂ ಏರುವುದಿಲ್ಲ. ಕೊತಕೊತ ಕುದಿಯುವ ನೀರೂ ಮೆಲ್ಲಗೆ ಕುದಿಯುವ ನೀರೂ ಒಂದೇ ಬಿಸಿ. ಹೆಚ್ಚಿನ ಸೌದೆಯೆಲ್ಲ ಹಬೆಯಾಗಿ ಸೂರಿಗೆ ಹೋಗುತ್ತದೆ. ಅಲ್ಲಿಂದ ಹನಿಯಾಗಿ ಕೆಲಸಗಾರರ ಬೆನ್ನಿನ ಮೇಲೆ ಬೀಳುತ್ತದೆ.

ನಮ್ಮ ತಾಯಿ ಮದುವೆಗೆ ಮುಂಚೆ ಚರಕದ ಮುಂದೆ ಕೂತು ದುಡಿದವರು. ಚರಕವೆಂದರೆ ನಿಮಗೆ ಗೊತ್ತು: ಒಬ್ಬರು ಚಕ್ರ ತಿರುಗಿಸಬೇಕು, ಒಬ್ಬರು ಕುದಿಯುವ ಬಾಣಲೆಯಲ್ಲಿ ಎಳೆ ಹುಡುಕಬೇಕು. ಬೇಯಿಸುವುದೂ ಬಿಚ್ಚುವುದೂ ಒಂದೇ ಬಾಣಲೆಯಲ್ಲಿ. ಎಷ್ಟೋ ವರ್ಷಗಳ ಮೇಲೆ ಆಧಾರ್ ಕಾರ್ಡು ಮಾಡಿಸಲು ಹೋದಾಗ ಆಕೆಯ ಬೆರಳಚ್ಚು ಯಂತ್ರಕ್ಕೆ ಹತ್ತಲಿಲ್ಲ. ಅಲ್ಲಿದ್ದ ಹುಡುಗ, "ಅಮ್ಮಾ, ಇನ್ನೊಂದು ಸಲ ಒತ್ತಿ" ಎಂದು ಐದಾರು ಸಲ ಹೇಳಿದ. ಬೆರಳಲ್ಲಿ ರೇಖೆಯೇ ಇರಲಿಲ್ಲ. ಬಿಸಿಯ ಅಪವ್ಯಯ ಎಂದು ಎಂಜಿನಿಯರುಗಳು ಬರೆಯುವಾಗ ನನಗೆ ಈ ಬೆರಳುಗಳ ನೆನಪಾಗುತ್ತದೆ. ಒಲೆಯಿಂದ ಪೋಲಾಗುವ ಬಿಸಿ ಎಲ್ಲಿಗೂ ಹೋಗುವುದಿಲ್ಲ, ದುಡಿಯುವವರ ಕೈಗೆ, ಕಣ್ಣಿಗೆ, ಎದೆಗೇ ಬರುತ್ತದೆ. ಆದ್ದರಿಂದ ಸೌದೆಯ ಉಳಿತಾಯ ಧಣಿಯ ಲೆಕ್ಕದ ಪುಸ್ತಕದ ವಿಷಯ, ಕೂಲಿಯವರಿಗೆ ಅದರಿಂದೇನು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಹಾಗೆಂದು ಈ ಸಭೆಯಲ್ಲಿರುವ ಸಣ್ಣ ರೀಲರನ್ನು ನಾನು ಬಂಡವಾಳಗಾರನೆಂದು ಬೈಯಲು ಬಂದಿಲ್ಲ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಹರಾಜು ಕೂಗಿ ಗೂಡು ಕೊಂಡು, ನೂಲು ಮಾರಿದ ಹಣದಲ್ಲಿ ಮತ್ತೆ ಗೂಡು ಕೊಳ್ಳಬೇಕಾದವನು ಅವನು. ಆದರೆ ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಬೇಡಿ. ಗೂಡನ್ನು ಗ್ರಾಮಿನ ಲೆಕ್ಕದಲ್ಲಿ ತೂಗುತ್ತೀರಿ. ನೂಲನ್ನೂ ಹಾಗೆಯೇ. ಸೌದೆಯನ್ನು? "ಒಂದು ಲೋಡು ಬಂತು, ಎಂಟು ದಿನ ಬಂತು." ಯಾವ ಸೌದೆ, ಎಷ್ಟು ಹಸಿ, ಯಾರಿಗೂ ಗೊತ್ತಿಲ್ಲ.

ಹಸಿ ಸೌದೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಟನ್ ಹಸಿ ಸೌದೆಯಲ್ಲಿ ಅರ್ಧ ನೀರು ಎಂದಿಟ್ಟುಕೊಳ್ಳಿ. ಕಡಿದು ಹೊಸದಾಗಿ ತಂದ ಮರದಲ್ಲಿ ಅಷ್ಟು ನೀರು ಇರುವುದು ಅಪರೂಪವಲ್ಲ. ನೀವು ಸೌದೆಯ ಬೆಲೆಗೆ 500 ಕಿಲೊ ನೀರು ಕೊಂಡಿರಿ. ಲಾರಿಯ ಬಾಡಿಗೆಯನ್ನು ಆ ನೀರಿಗೂ ಕೊಟ್ಟಿರಿ. ಆಮೇಲೆ ಆ ನೀರನ್ನು ಒಲೆಯೊಳಗೇ ಕಾಯಿಸಿ ಹಬೆ ಮಾಡಿ ಹೊರಗೆ ಕಳಿಸಲು ಸುಮಾರು 3 ಲಕ್ಷ ಕಿಲೊಕ್ಯಾಲೊರಿ ಸುಡಬೇಕು. ಉಳಿದ 500 ಕಿಲೊ ಮರದಲ್ಲಿರುವ ಒಟ್ಟು ಶಾಖ ಸುಮಾರು 22 ಲಕ್ಷ. ಅಂದರೆ ಬಾಣಲೆಗೆ ಒಂದು ಕಿಡಿ ಮುಟ್ಟುವ ಮೊದಲೇ ಏಳರಲ್ಲಿ ಒಂದು ಪಾಲು ಹೋಯಿತು. ಅದೂ ಚೆನ್ನಾಗಿ ಉರಿದರೆ. ಹಸಿ ಸೌದೆ ಚೆನ್ನಾಗಿ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಹೊಗೆ ಎಂದರೆ ಬೇಯದೆ ಉಳಿದ ಅನ್ನದ ಹಾಗೆ, ಉರಿಯದೆ ಉಳಿದ ಸೌದೆ. ಹಾಗಾದರೆ ಮೊದಲ ಉಳಿತಾಯಕ್ಕೆ ಯಂತ್ರವೂ ಬೇಡ, ಸಾಲವೂ ಬೇಡ: ಸೂರಿನ ಕೆಳಗೆ ಸೌದೆಯನ್ನು ಎರಡು ತಿಂಗಳು ಒಣಗಿಸುವ ಜಾಗ ಬೇಕು. ಆದರೆ ಓಣಿಯಲ್ಲಿ ಆ ಜಾಗವಿಲ್ಲ, ಎರಡು ತಿಂಗಳ ಸೌದೆಗೆ ಮುಂಗಡ ಹಣವೂ ಇಲ್ಲ. ಬಡವನ ಇಂಧನ ದುಬಾರಿ ಎನ್ನುವುದು ಇದಕ್ಕೇ.

ಎರಡನೆಯದು ಮುಚ್ಚಳ, ಕೊಳವೆ, ಚಿಮಣಿ. ತೆರೆದ ಬಾಣಲೆಗೆ ಮುಚ್ಚಳ ಹಾಕಿದಷ್ಟು ಹೊತ್ತೂ 540ರ ಲೆಕ್ಕ ಉಳಿಯುತ್ತದೆ. ಬಾಯ್ಲರ್ ಇದ್ದಲ್ಲಿ ಹಬೆಯ ಕೊಳವೆಗೆ ಹೊದಿಕೆ ಬೇಕು. ಚಿಮಣಿಯಲ್ಲಿ ಸುಮ್ಮನೆ ಹೋಗುವ ಬಿಸಿಗಾಳಿಯ ದಾರಿಯಲ್ಲಿ ಒಂದು ನೀರಿನ ತೊಟ್ಟಿ ಇಟ್ಟರೆ ಬಾಣಲೆಗೆ ತಣ್ಣೀರು ಸುರಿಯುವುದು ತಪ್ಪುತ್ತದೆ. ಜಯನಗರದ ಮಹಡಿಗಳ ಮೇಲೆ ಸ್ನಾನದ ನೀರಿಗೆಂದು ಸೂರ್ಯನ ಬಿಸಿಯ ಪೆಟ್ಟಿಗೆಗಳು ಸಾಲಾಗಿವೆಯಲ್ಲ, ಅದೇ ಪೆಟ್ಟಿಗೆ ನಮ್ಮ ಶೆಡ್ಡಿನ ಮೇಲಿದ್ದರೆ 25 ಡಿಗ್ರಿಯ ನೀರು 60 ಆಗಿ ಕೆಳಗಿಳಿಯುತ್ತದೆ. 75ರಲ್ಲಿ 35 ಬಿಸಿಲಿನಿಂದಲೇ ಬಂತು. ಕೆಲಸ ಹಗಲಿನದು, ಬಿಸಿಲೂ ಹಗಲಿನದು. ನಿನ್ನೆಯ ಬಿಸಿನೀರು ಇವತ್ತು ಬೆಳಿಗ್ಗೆಗೆ ಆಗುತ್ತದೆ.

ಈಗ ಇಲ್ಲಿನ ಸಂಸ್ಥೆಯ ಮಾತು. ಒಂದು ಕಿಲೊ ನೂಲಿಗೆ ಎಷ್ಟು ಕಿಲೊ ಗೂಡು ಬೇಕಾಯಿತು ಎಂಬುದನ್ನು ರೆಂಡಿಟ್ಟ ಎನ್ನುತ್ತೀರಿ. ಮಿಶ್ರತಳಿಯ ಸಾಧಾರಣ ಗೂಡಿಗೆ ಅದು 8 ಎಂದು ಹಿಡಿಯಿರಿ, ಒಳ್ಳೆಯ ದ್ವಿತಳಿ ಗೂಡಿಗೆ 6. ಇದನ್ನು ನಾವು ಬೆಲೆಯ ಪ್ರಶ್ನೆ ಎಂದಷ್ಟೇ ನೋಡಿದ್ದೇವೆ. ಆದರೆ 8 ಕಿಲೊ ಗೂಡು ಬೇಯಿಸುವ ಕಡೆ 6 ಕಿಲೊ ಬೇಯಿಸಿದರೆ ನಾಲ್ಕರಲ್ಲಿ ಒಂದು ಪಾಲು ಗೂಡು ಒಲೆಗೆ ಹೋಗಲೇ ಇಲ್ಲ! ಅಷ್ಟು ಗೂಡನ್ನು ಒಣಗಿಸಬೇಕಾಗಲಿಲ್ಲ, ಬೇಯಿಸಬೇಕಾಗಲಿಲ್ಲ. ಹಿಪ್ಪುನೇರಳೆಯ ತೋಟದಲ್ಲಿ, ಚಂದ್ರಿಕೆಯ ಮೇಲೆ ಆದ ಕೆಲಸ ಇಲ್ಲಿ ಸೌದೆಯಾಗಿ ಉಳಿಯಿತು. ಇಂಧನದ ಉಳಿತಾಯ ಒಲೆಯಲ್ಲಿಯೇ ಆಗಬೇಕೆಂಬ ನಿಯಮವಿಲ್ಲ. ಸೊಪ್ಪು ಬಿಡಿಸಿದ ಮೇಲೆ ಉಳಿಯುವ ಹಿಪ್ಪುನೇರಳೆ ಕಡ್ಡಿಯೂ ಸೌದೆಯೇ. ರೈತನ ಹೊಲದ ಅಂಚಿನಲ್ಲಿ ಬಿದ್ದಿರುವ ಅದನ್ನು ಒಣಗಿಸಿ, ಕತ್ತರಿಸಿ, ಗೂಡಿನ ಜೊತೆಗೇ ಊರಿಗೆ ತರುವ ಏರ್ಪಾಡು ನಮ್ಮಲ್ಲಿ ನೆಲೆಗೊಂಡಿಲ್ಲ.

ಒಲೆಯನ್ನೇ ಬದಲಾಯಿಸುವ ಪ್ರಯತ್ನಗಳೂ ಆಗಿವೆ. 1990ರ ದಶಕದಲ್ಲಿ ಟೆರಿ ಎಂಬ ಸಂಸ್ಥೆ, ಸ್ವಿಟ್ಜರ್‌ಲೆಂಡಿನ ನೆರವಿನಿಂದ, ನಮ್ಮ ಬಿಚ್ಚಾಣಿಕೆಗೆಂದೇ ಗ್ಯಾಸಿಫೈಯರ್ ಒಲೆ ಮಾಡಿತು. ಮುಚ್ಚಿದ ಉರುಳೆಯಲ್ಲಿ ಸೌದೆಯ ಸಣ್ಣ ತುಂಡುಗಳಿಗೆ ಬೇಕಾದದ್ದಕ್ಕಿಂತ ಕಡಿಮೆ ಗಾಳಿ ಕೊಟ್ಟು ಅರೆಬರೆ ಸುಟ್ಟರೆ ಉರಿಯುವ ಅನಿಲ ಬರುತ್ತದೆ. ಆ ಅನಿಲವನ್ನು ಬಾಣಲೆಯ ಕೆಳಗೆ ಹೊತ್ತಿಸುವುದು. ತಿರುಪು ತಿರುಗಿಸಿದರೆ ಉರಿ ಹೆಚ್ಚು ಕಡಿಮೆ ಆಗುತ್ತದೆ, ಹೊಗೆ ಇಲ್ಲವೆನ್ನುವಷ್ಟು ಕಡಿಮೆ. ಸೌದೆಯೂ ಉಳಿಯಿತು, ಬಿಸಿ ಒಂದೇ ಸಮನಾಗಿದ್ದುದರಿಂದ ನೂಲಿನ ಗುಣಕ್ಕೂ ಒಳ್ಳೆಯದಾಯಿತು. ಆದರೆ ಅದಕ್ಕೆ ಸೌದೆಯನ್ನು ತುಂಡು ತುಂಡಾಗಿ ಕಡಿಯಬೇಕು, ಗಾಳಿ ಊದುವ ಮೋಟಾರಿಗೆ ಕರೆಂಟು ಇರಬೇಕು, ಟಾರು ಕಟ್ಟಿಕೊಂಡಾಗ ತೊಳೆಯಬೇಕು, ಕೆಟ್ಟಾಗ ಅದೇ ದಿನ ಬರುವ ರಿಪೇರಿಯವನು ಇರಬೇಕು. ಗೂಡು ಕಾಯುವುದಿಲ್ಲವಲ್ಲ, ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಬಿಡುತ್ತದೆ. ಯಂತ್ರಕ್ಕೆ ಹಣ ಕೊಡುವ ಯೋಜನೆಗಳು ಬೇಕಾದಷ್ಟಿವೆ, ರಿಪೇರಿಯವನಿಗೆ ಸಂಬಳ ಕೊಡುವ ಯೋಜನೆಯನ್ನು ನಾನು ಕಂಡದ್ದು ಕಡಿಮೆ.

ಹೊಗೆಯಿಂದ ಅನಿಲ ಎಂದರೆ ಇದೇನೋ ಹೊಸ ವಿದ್ಯೆ ಎಂದು ತಿಳಿಯಬೇಡಿ. ಭದ್ರಾವತಿಯಲ್ಲಿ 1923ರಲ್ಲಿ ಶುರುವಾದ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಮಲೆನಾಡಿನ ಸೌದೆಯ ಇದ್ದಿಲಿನಿಂದ ಕಬ್ಬಿಣ ಮಾಡುತ್ತಿತ್ತು. ಅದರ ಜೊತೆಗೇ ಸೌದೆಯನ್ನು ಮುಚ್ಚಿ ಸುಟ್ಟು, ಹೊಗೆಯನ್ನು ತಣಿಸಿ, ಅದರಿಂದ ಮರದ ಸ್ಪಿರಿಟ್ಟು, ಟಾರು ಮುಂತಾದುವನ್ನು ತೆಗೆಯುವ ಭಾಗವೂ ಇತ್ತು. ಕಾರ್ಖಾನೆಯ ಹೆಸರಿನಲ್ಲೇ ಅದು ಸೇರಿತ್ತು. ಕಾಡು ಕಡಿದದ್ದನ್ನು ನಾನು ಹೊಗಳುತ್ತಿಲ್ಲ. ಆದರೆ ಹೊಗೆಯನ್ನು ಗಾಳಿಗೆ ಬಿಡದೆ ಸರಕು ಮಾಡುವ ಬುದ್ಧಿ ನಮ್ಮ ಸರ್ಕಾರಿ ಕಾರ್ಖಾನೆಗೆ ನೂರು ವರ್ಷದ ಹಿಂದೆ ಇತ್ತು ಎಂಬುದನ್ನು ಜ್ಞಾಪಿಸಿದೆ, ಅಷ್ಟೆ.

ಲೋಕದಲ್ಲಿ ಈಗ ಇಂಗಾಲದ ಮಾತು. ಸೌದೆ ಮರದಿಂದ ಬಂದದ್ದು, ಮರ ಮತ್ತೆ ಬೆಳೆಯುತ್ತದೆ, ಆದ್ದರಿಂದ ಸೌದೆಯ ಹೊಗೆಗೆ ಲೆಕ್ಕವಿಲ್ಲ ಎನ್ನುವವರಿದ್ದಾರೆ. ಕಡಿದ ಮರದ ಜಾಗದಲ್ಲಿ ಮರ ಬೆಳೆದರೆ ಆ ಮಾತು ನಿಜ. ಬೆಳೆಯದಿದ್ದರೆ ಒಂದು ಕಿಲೊ ಒಣಮರ ಸುಟ್ಟಾಗ ಬರುವ ಸುಮಾರು 1.8 ಕಿಲೊ ಇಂಗಾಲದ ಡೈ ಆಕ್ಸೈಡು ಆಕಾಶದಲ್ಲೇ ಉಳಿಯುತ್ತದೆ. ಇನ್ನು ಕರಿಮಸಿಗೆ ಯಾವ ಮರವೂ ಬಂದು ಉತ್ತರ ಹೇಳುವುದಿಲ್ಲ. ಅದು ಹೋಗುವುದು ಬಿಚ್ಚಾಣಿಕೆಯ ಹೆಂಗಸಿನ ಎದೆಗೆ, ಪಕ್ಕದ ಮನೆಯ ಮಗುವಿನ ಎದೆಗೆ.

"ಹಾಗಾದರೆ ಎಲ್ಲವನ್ನೂ ಕರೆಂಟಿಗೆ ಹಾಕಿಬಿಡೋಣ" ಎಂದು ಸುಲಭವಾಗಿ ಹೇಳುತ್ತಾರೆ. ಚಕ್ರ ತಿರುಗಿಸಲು ಕರೆಂಟು ಒಳ್ಳೆಯದು, ಅದು ಮನುಷ್ಯನ ತೋಳನ್ನು ಉಳಿಸಿತು. ಆದರೆ ಕಲ್ಲಿದ್ದಲಿನ ಕರೆಂಟಿನಿಂದ ನೀರು ಕಾಯಿಸಿದರೆ ಶೆಡ್ಡಿನ ಹೊಗೆ ರಾಯಚೂರಿಗೆ ವರ್ಗವಾಗುತ್ತದೆ, ಹೋಗುವುದಿಲ್ಲ. ಅಲ್ಲಿ ಕಲ್ಲಿದ್ದಲಿನ ಶಾಖದ ಸುಮಾರು ಮೂರರಲ್ಲಿ ಎರಡು ಪಾಲು ಕರೆಂಟಾಗುವ ಮೊದಲೇ ಪೋಲಾಗುತ್ತದೆ. ಪಾವಗಡದ ಬಿಸಿಲಿನಿಂದ 2,050 ಮೆಗಾವಾಟ್ ಮಾಡುವ ಏರ್ಪಾಡಿದೆ. ಹಗಲಿನ ಆ ಕರೆಂಟು ಅಗ್ಗವಾಗಿ ನಮ್ಮ ಶೆಡ್ಡಿಗೆ ಬಂದರೆ ಆಗ ಈ ಮಾತನ್ನು ಮತ್ತೆ ಆಡೋಣ.

ಇಲ್ಲಿಯವರೆಗೆ ಸುಲಭದ ಮಾತಾಯಿತು. ಈಗ ಕಷ್ಟದ್ದು.

ಸರ್ಕಾರ ಈಗ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಕ್ಕೆ ಸಹಾಯಧನ ಕೊಡುತ್ತಿದೆ. ಒಂದು ಯಂತ್ರಕ್ಕೆ 400 ಎಳೆ. ದ್ವಿತಳಿ ಗೂಡು ಬೇಕು, ಬಾಯ್ಲರ್ ಬೇಕು. ಹಬೆ ಕೊಳವೆಯಲ್ಲೇ ಓಡುತ್ತದೆ, ಕೈ ಸುಡುವುದಿಲ್ಲ, ನೂಲು ಚೆನ್ನಾಗಿರುತ್ತದೆ. ಇದನ್ನು ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ, ಬೆರಳಚ್ಚು ಕಳೆದುಕೊಂಡ ತಾಯಿಯ ಮಗ ನಾನು. ಆದರೆ ಸಹಾಯಧನ ಬಂದರೂ ಮಿಕ್ಕ ಹಣ ಹಾಕುವ ತಾಕತ್ತು ಯಾರಿಗಿದೆ? ಎರಡು ಬೇಸಿನ್ನಿನ ರೀಲರಿಗೆ ಇಲ್ಲ. ಅವನ ಶೆಡ್ಡು ಮುಚ್ಚಿದ ದಿನ ಅಲ್ಲಿ ಕೂತಿದ್ದ ಹೆಂಗಸರು ಎಲ್ಲಿಗೆ ಹೋಗಬೇಕು? ಸೌದೆಯ ಉಳಿತಾಯ ಎಷ್ಟೆಂದು ವರದಿಯಲ್ಲಿ ಬರುತ್ತದೆ. ಕಳೆದುಹೋದ ಕೂಲಿ ಎಷ್ಟೆಂದು ಅದೇ ವರದಿಯ ಅದೇ ಪುಟದಲ್ಲಿ ಬರೆಯಲಿ ಎಂಬುದು ನನ್ನ ಬೇಡಿಕೆ. ಹಾಗೆ ಬರೆದರೆ ಯಂತ್ರ ಬೇಡವೆಂದಾಗುವುದಿಲ್ಲ, ಯಂತ್ರ ಯಾರ ಹೆಸರಿನಲ್ಲಿ ಬರಬೇಕು ಎಂಬ ಪ್ರಶ್ನೆ ಬರುತ್ತದೆ. ಇಪ್ಪತ್ತು ಸಣ್ಣ ರೀಲರುಗಳೂ ಅವರ ಕೆಲಸಗಾರರೂ ಸೇರಿದ ಸಹಕಾರ ಸಂಘದ ಹೆಸರಿನಲ್ಲಿ ಬರಲಿ. ಓಣಿಗೊಂದು ಬಾಯ್ಲರ್ ಇಟ್ಟು ಹಬೆಯನ್ನು ಅಳೆದು ಮನೆಮನೆಗೆ ಕೊಡುವುದು ಅಸಾಧ್ಯವೇನಲ್ಲ, ನೀರನ್ನು ಹಾಗೆಯೇ ಕೊಡುತ್ತಿದ್ದೇವೆ.

ಕಾನೂನು ಏನು ಮಾಡಿದೆ ನೋಡಿ. 2001ರಲ್ಲಿ ಇಂಧನ ಸಂರಕ್ಷಣೆಯ ಕಾಯಿದೆ ಬಂತು. 2012ರಲ್ಲಿ ಎಂಟು ಬಗೆಯ ಕೈಗಾರಿಕೆಗಳ 478 ದೊಡ್ಡ ಘಟಕಗಳಿಗೆ ಇಂತಿಷ್ಟು ಉಳಿಸಿ ಎಂದು ಗುರಿ ಕೊಟ್ಟರು. ಗುರಿ ಮೀರಿ ಉಳಿಸಿದವರಿಗೆ ಪ್ರಮಾಣಪತ್ರ, ಅದನ್ನು ಮಾರಿ ಹಣ ಮಾಡಬಹುದು. ಜವಳಿಯೂ ಆ ಎಂಟರಲ್ಲಿ ಒಂದು, ಆದರೆ ವರ್ಷಕ್ಕೆ 3,000 ಟನ್ ಎಣ್ಣೆಗೆ ಸಮನಾದ ಇಂಧನ ಸುಡುವ ಗಿರಣಿಗೆ ಮಾತ್ರ. ತಿಂಗಳಿಗೆ ಹತ್ತು ಟನ್ ಸೌದೆ ಸುಡುವ ಶೆಡ್ಡು ಎಂದಿಟ್ಟುಕೊಂಡರೆ, ಅಂಥ ಸುಮಾರು 70 ಶೆಡ್ಡು ಸೇರಿದಾಗ ಆ ಒಂದು ಗಿರಣಿಯಾಯಿತು. ಗಿರಣಿ ಉಳಿಸಿದರೆ ಪ್ರಮಾಣಪತ್ರ, 70 ಶೆಡ್ಡು ಸೇರಿ ಅಷ್ಟೇ ಉಳಿಸಿದರೆ ಏನೂ ಇಲ್ಲ. ಇದು ಯಾವ ನ್ಯಾಯ? ಈಗ ಇಂಗಾಲದ ಮಾರುಕಟ್ಟೆಯ ಏರ್ಪಾಡು ನಡೆದಿದೆ. ಅದರಲ್ಲಾದರೂ ಸಹಕಾರ ಸಂಘಕ್ಕೆ ಬಾಗಿಲು ಇರಲಿ ಎಂದು ಈಗಲೇ ಕೇಳಬೇಕು, ಎಲ್ಲ ಮುಗಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಅಮೂಲ್ಯ ರೆಡ್ಡಿಯವರ ಹೆಸರನ್ನು ನಿಮ್ಮಲ್ಲಿ ಹಿರಿಯರು ಕೇಳಿರಬಹುದು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ಅಸ್ತ್ರ ಎಂಬ ವಿಭಾಗ ಕಟ್ಟಿದವರು. ಅಸ್ತ್ರ ಒಲೆ ಅಲ್ಲಿಂದಲೇ ಬಂತು. 1987ರಲ್ಲಿ ಸರ್ಕಾರದ ಸಮಿತಿಯೊಂದು 2000ನೆಯ ಇಸವಿಗೆ ಕರ್ನಾಟಕಕ್ಕೆ ಇಷ್ಟು ವಿದ್ಯುತ್ ಬೇಕು ಎಂದು ಬೆಟ್ಟದಷ್ಟು ಲೆಕ್ಕ ಹಾಕಿತು. ರೆಡ್ಡಿಯವರು ಗೆಳೆಯರೊಂದಿಗೆ ಬೇರೆ ಲೆಕ್ಕ ಹಾಕಿದರು. ಜನರಿಗೆ ಬೇಕಾಗಿರುವುದು ಕರೆಂಟಲ್ಲ, ಬೆಳಕು. ಸೌದೆಯಲ್ಲ, ಬೆಂದ ಅನ್ನ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಎಲ್ಲ ಮನೆಗೂ ದೀಪ ಹಾಕಿಯೂ ಸಮಿತಿ ಕೇಳಿದ್ದರ ಅರ್ಧಕ್ಕಿಂತ ಕಡಿಮೆ ಸಾಕು ಎಂದು 1991ರಲ್ಲಿ ಪ್ರಕಟಿಸಿದರು. ಅದೇ ಎಣಿಕೆಯನ್ನು ನಮ್ಮ ಶೆಡ್ಡಿಗೆ ತನ್ನಿ. ನಮಗೆ ಬೇಕಾಗಿರುವುದು ಹಬೆಯೂ ಅಲ್ಲ, ಬೆಂಕಿಯೂ ಅಲ್ಲ, ಮೆತ್ತಗಾದ ಗೋಂದು. ಅದಕ್ಕೆ ಎಷ್ಟು ಬಿಸಿ ಸಾಕು ಎಂದು ಮೊದಲು ಕೇಳಿ, ಆಮೇಲೆ ಒಲೆಯ ಅಳತೆ ಹಾಕೋಣ.

ಉಳಿದದ್ದು ಯಾರಿಗೆ ಸೇರಬೇಕು ಎಂಬುದರಲ್ಲಿ ನನಗೂ ಇಲ್ಲಿನ ಕೆಲವು ಗೆಳೆಯರಿಗೂ ಭಿನ್ನಾಭಿಪ್ರಾಯವಿದೆ, ಮುಚ್ಚಿಡುವುದಿಲ್ಲ. ಮೂರರಲ್ಲಿ ಒಂದು ಪಾಲು ಒಲೆಯ ದುರಸ್ತಿಗೆ, ಒಂದು ಪಾಲು ರೀಲರಿಗೆ, ಒಂದು ಪಾಲು ಕೂಲಿಗೆ ಎಂದು ನಾನು ಹೇಳಿದೆ. ಬೆಲೆ ಬಿದ್ದ ತಿಂಗಳು ಕೊಡಲಾಗುವುದಿಲ್ಲ ಎಂದರು ಅವರು. ಅದೂ ಸುಳ್ಳಲ್ಲ. ಆದರೆ ಉಳಿದದ್ದು ಎಷ್ಟೆಂದೇ ತಿಳಿಯದೆ ಹಂಚುವ ಮಾತಾಡುವುದು, ಹುಟ್ಟದ ಕೂಸಿಗೆ ಕುಲಾವಿ ಹೊಲಿಸಿದ ಹಾಗೆ.

ಆದ್ದರಿಂದ ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿ ಶೆಡ್ಡಿನಿಂದ ಒಂದು ಚೀಟಿ ತನ್ನಿ. ಅದರಲ್ಲಿ ಮೂರು ಅಂಕಿ ಇರಲಿ: ಒಂದು ವಾರದಲ್ಲಿ ಒಲೆಗೆ ಹೋದ ಸೌದೆಯ ತೂಕ, ಬೇಯಿಸಿದ ಗೂಡಿನ ತೂಕ, ಬಂದ ನೂಲಿನ ತೂಕ. ತಕ್ಕಡಿ ಇಲ್ಲದವರು ಪಕ್ಕದವರದನ್ನು ಕೇಳಿ ತೂಗಿರಿ. ಸೌದೆ ಹಸಿಯೋ ಒಣಗಿದ್ದೋ ಎಂದು ಒಂದು ಗುರುತು ಹಾಕಿ. ಚೀಟಿ ಬರೆಯುವ ಕೆಲಸವನ್ನು ಧಣಿಗಳು ಮಾಡಬೇಡಿ. ಬಾಣಲೆಯ ಮುಂದೆ ಕೂತಿರುವಾಕೆಗೆ ಕೊಡಿ, ಒಲೆ ಯಾವಾಗ ಅತಿಯಾಯಿತೆಂದು ಅವಳಿಗೆ ಗೊತ್ತು.